ಅಭಿಮಾನಿಯ ಷೇರು

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)



ನಿನ್ನೆಯಿಂದ ಈ ವೇದಿಕೆಯ ಮೇಲೆ ತಿಳಿದವರು ಬಹಳ ಮಾತಾಡಿದ್ದಾರೆ. ಕೆಚ್ಚಲು ಬಾವಿನ ಬಗ್ಗೆ ಪಶುವೈದ್ಯರು ಹೇಳಿದರು. ಫ್ಯಾಟು, ಡಿಗ್ರಿಯ ಲೆಕ್ಕವನ್ನು ಒಕ್ಕೂಟದವರು ಬಿಡಿಸಿ ಹೇಳಿದರು. ಮೇವಿನ ಬೆಳೆ, ರಾಸುಗಳ ವಿಮೆ, ಸಾಲ ಎಲ್ಲಾ ಆಯ್ತು. ನಮ್ಮನ್ನು ಕರೆಯಲು ಬಂದ ಕಾರ್ಯದರ್ಶಿಗಳು ಮಾತ್ರ, "ನೀವು ಹಾಲಿನ ವಿಷಯ ಎತ್ತಬೇಡಿ, ಬೇರೆ ಏನಾದರೂ ಹೇಳಿ, ಜನ ಸ್ವಲ್ಪ ನಗಲಿ" ಅಂದರು. ಹಾಲಿನ ಸಂಘದ ಹಬ್ಬದಲ್ಲಿ ಹಾಲು ಬಿಟ್ಟು ಏನು ಮಾತಾಡೋದು? ನಮಗೆ ಗೊತ್ತಿರುವ ಬೇರೆ ವಿಷಯ ಅಂದರೆ ಎರಡೇ, ಕ್ರಿಕೆಟ್ಟು ಮತ್ತು ಸಿನಿಮಾ. ಅದೂ ಆಡಿದವರಾಗಿ, ನಟಿಸಿದವರಾಗಿ ಅಲ್ಲ. ನೋಡಿದವರಾಗಿ, ಕೇಳಿದವರಾಗಿ. ಅಂದರೆ ಅಭಿಮಾನಿಗಳಾಗಿ.

ಇಲ್ಲಿ 'ನಾವು' ಅಂತ ಹೇಳುತ್ತಿರುವುದು ನಮ್ಮೊಬ್ಬರ ಮಾತಲ್ಲ. ಊರ ಮುಂದಿನ ಅರಳಿಕಟ್ಟೆಯ ಮೇಲೆ ಒಂದೇ ಟ್ರಾನ್ಸಿಸ್ಟರಿನ ಸುತ್ತ ಕೂತು ಬೆಳೆದ ಹತ್ತು ಹನ್ನೆರಡು ಜನರ ಮಾತು. ಅವರಲ್ಲಿ ಕೆಲವರು ಈಗ ಇಲ್ಲ. ಇರುವವರು ಈ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ನಾವು ತಪ್ಪು ಹೇಳಿದರೆ ಎದ್ದು ನಿಲ್ಲಲು ಕಾದಿದ್ದಾರೆ.

ಆ ಟ್ರಾನ್ಸಿಸ್ಟರಿಗೆ ಚರ್ಮದ ಚೀಲ, ಅದಕ್ಕೊಂದು ಪಟ್ಟಿ. ಕಾಮೆಂಟರಿ ಒಂದಷ್ಟು ಹೊತ್ತು ಇಂಗ್ಲಿಷಿನಲ್ಲಿ, ಒಂದಷ್ಟು ಹೊತ್ತು ಹಿಂದಿಯಲ್ಲಿ. ಎರಡೂ ನಮಗೆ ಬಾರದು. ಆದರೂ ಅರ್ಥವಾಗುತ್ತಿತ್ತು ಅಂದರೆ ನೀವು ನಂಬಬೇಕು. ಮೈದಾನದ ಜನ 'ಹೋ' ಅಂದರೆ ಫೋರು. 'ಆಹಾ' ಅಂತ ಉಸಿರು ಎಳೆದುಕೊಂಡರೆ ಕ್ಯಾಚು ಬಿಟ್ಟರು ಅಂತ. ಸದ್ದೇ ಇಲ್ಲದೆ ಮೌನವಾದರೆ ನಮ್ಮವರು ಯಾರೋ ಔಟು. ಆಗ ಕಟ್ಟೆಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು, "ವಿಶ್ವನಾಥ್ ಇದಾನಾ, ಹೋದನಾ?" ಅಂತ. ಅವನು ಇದ್ದಾನೆ ಅಂದರೆ ಸರಿ. ಭದ್ರಾವತಿಯಲ್ಲಿ ಹುಟ್ಟಿದ ಆ ಕುಳ್ಳ ಮನುಷ್ಯನನ್ನು ನಾವು ಏಕವಚನದಲ್ಲೇ ಕರೆಯುತ್ತಿದ್ದೆವು, ಮನೆಯ ಹುಡುಗನನ್ನು ಕರೆದ ಹಾಗೆ. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಮೊದಲನೆ ಸರದಿಯಲ್ಲಿ ಸೊನ್ನೆ. ಎರಡನೆಯದರಲ್ಲಿ 137. ನಮ್ಮೂರಲ್ಲಿ ಹತ್ತನೇ ಕ್ಲಾಸು ಫೇಲಾದ ಹುಡುಗರಿಗೆ ಎಷ್ಟೋ ವರ್ಷ ಈ ಲೆಕ್ಕವನ್ನೇ ಹೇಳಿ ಸಮಾಧಾನ ಮಾಡಿದ್ದೇವೆ. ಕೆಲವರು ಸೆಪ್ಟೆಂಬರಿನಲ್ಲಿ ಕಟ್ಟಿ ಪಾಸಾದರು. ಕೆಲವರು ಆಗಲಿಲ್ಲ, ಅದು ಬೇರೆ ಮಾತು.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ಅದೇ ಋತುವಿನಲ್ಲಿ ನಮ್ಮ ತಂಡ ರಣಜಿ ಟ್ರೋಫಿಯನ್ನು ಮೊದಲ ಸಲ ಗೆದ್ದಿತು. ಅದಕ್ಕೆ ಮುಂಚೆ ಹದಿನೈದು ವರ್ಷ ಒಂದೇ ಸಮನೆ ಬೊಂಬಾಯಿಯವರೇ ಗೆದ್ದಿದ್ದರು. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನ ಅವರು ಗವಾಸ್ಕರರನ್ನು ಬೌಲ್ಡ್ ಮಾಡಿದ ಸುದ್ದಿ ನಮ್ಮ ಕಟ್ಟೆಗೆ ಬಂದಾಗ, ಆ ಹೊತ್ತಿಗೆ ಹೊಲದಿಂದ ಬರುತ್ತಿದ್ದ ಹಿರಿಯರೊಬ್ಬರು "ಯಾರು ಗವಾಸ್ಕರ್ ಅಂದರೆ? ಯಾವೂರ ಪಟೇಲ?" ಅಂತ ಕೇಳಿದ್ದರು. ಅವರಿಗೆ ಕೂರಿಸಿ ಆಟ ಹೇಳಿಕೊಟ್ಟೆವು. ಆಮೇಲೆ ಸಾಯುವ ತನಕ ಅವರು ಪ್ರಸನ್ನ ಅವರ ಕಡೆಯವರು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ಬಂದ ದಿನ ಹೋಟೆಲಿನಲ್ಲಿ ಎಲ್ಲರಿಗೂ ಅವರದ್ದೇ ಬೋಂಡ, ಕಾಫಿ.

ಚಂದ್ರಶೇಖರ್ ಅವರದ್ದು ಇನ್ನೊಂದು ಕಥೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗೈ ಸೊರಗಿತ್ತು. ಚೆಂಡನ್ನು ದೂರ ಎಸೆಯಬೇಕಾದರೆ ಎಡಗೈ. ಬೌಲಿಂಗು ಮಾತ್ರ ಆ ಸೊರಗಿದ ಕೈಯಿಂದಲೇ. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು, ಇಂಗ್ಲೆಂಡಿನ ನೆಲದಲ್ಲಿ ನಮಗೆ ಮೊದಲ ಟೆಸ್ಟ್ ಗೆಲುವು, ಅದರ ಜೊತೆಗೇ ಸರಣಿ ಎರಡನ್ನೂ ತಂದುಕೊಟ್ಟಿತು ಆ ಕೈ. ಬ್ಯಾಟು ಹಿಡಿದರೆ ಪಾಪ ಏನೂ ಆಗುತ್ತಿರಲಿಲ್ಲ. ಟೆಸ್ಟಿನಲ್ಲಿ ಅವರು ತೆಗೆದ ವಿಕೆಟ್ 242, ಮಾಡಿದ ರನ್ 167. ನಮ್ಮೂರಲ್ಲಿ ಪೋಲಿಯೋ ಬಂದ ಹುಡುಗನೊಬ್ಬನಿದ್ದ. ಗೋಲಿ ಆಡಲು ಸೇರಿಸುತ್ತಿರಲಿಲ್ಲ. ಓವಲ್ ಆದ ಮೇಲೆ ಅವನನ್ನು ಬೇಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅವನ ಅಂಗಡಿಯಲ್ಲೇ ಈಗ ನೀವೆಲ್ಲ ಹಿಂಡಿ ಬೂಸಾ ತರೋದು.

1980ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಒಂದು ಟೆಸ್ಟ್ ನಡೆಯಿತು, ಮಂಡಳಿಯ ಸುವರ್ಣ ಮಹೋತ್ಸವದ ನೆನಪಿಗೆ. ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡಿನ ಬಾಬ್ ಟೇಲರ್ ಅವರಿಗೆ ಅಂಪೈರ್ ಔಟು ಅಂತ ಕೈ ಎತ್ತಿಬಿಟ್ಟರು. ಚೆಂಡು ಬ್ಯಾಟಿಗೆ ತಗಲಿಲ್ಲ ಅನ್ನುವುದು ವಿಶ್ವನಾಥ್ ಅವರಿಗೆ ಗೊತ್ತಿತ್ತು. ಹೋಗುತ್ತಿದ್ದವರನ್ನು ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ ನಿಂತು ದೊಡ್ಡ ಜೊತೆಯಾಟ ಆಡಿದರು. ನಾವು ಹತ್ತು ವಿಕೆಟ್ಟಿನಿಂದ ಸೋತೆವು. ಆ ದಿನ ಅರಳಿಕಟ್ಟೆಯ ಮೇಲೆ ಎರಡು ಪಾರ್ಟಿ ಆಯಿತು. ಒಂದು ಪಾರ್ಟಿ, "ಇವನಿಗ್ಯಾಕೆ ಬೇಕಿತ್ತು ಈ ಧರ್ಮರಾಯನ ಕೆಲಸ" ಅಂತ. ಇನ್ನೊಂದು, "ಹಾಲಿಗೆ ನೀರು ಹಾಕದೆ ಸೋತ, ಸೋಲಲಿ ಬಿಡು" ಅಂತ. ನಾವು ಎರಡನೆಯ ಪಾರ್ಟಿ. ಇಂದಿಗೂ ಜಗಳ ಮುಗಿದಿಲ್ಲ, ಬೇಕಾದರೆ ಹಿಂದಿನ ಸಾಲಿನವರನ್ನು ಕೇಳಿ.

ಇನ್ನು ಸಿನಿಮಾ. ಹೋಬಳಿ ಊರಿನ ಟೆಂಟಿಗೆ ನಡೆದು ಹೋಗಿ, ನೆಲದ ಟಿಕೆಟ್ ತಗೊಂಡು, ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು. ಮುಂದೆ ಕೂತವನ ರುಮಾಲು ದೊಡ್ಡದಾದರೆ ನಮ್ಮ ಗುಡ್ಡೆಯೂ ದೊಡ್ಡದಾಗಬೇಕು. 1972ರಲ್ಲಿ ಬಂದ 'ಬಂಗಾರದ ಮನುಷ್ಯ' ನಮ್ಮ ಟೆಂಟಿಗೆ ಬರುವ ಹೊತ್ತಿಗೆ ರೀಲು ಸವೆದು ಮಳೆ ಬಿದ್ದ ಹಾಗೆ ಗೆರೆ. ಆದರೂ ಊರಿಗೆ ಊರೇ ಹೋಯಿತು. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಹಳ್ಳಿಗೆ ಬಂದು ನೆಲ ಹಸನು ಮಾಡಿ ಎಲ್ಲರನ್ನೂ ದಡ ಸೇರಿಸಿದ ರಾಜೀವಪ್ಪ ಕೊನೆಗೆ ತಾನೇ ಮನೆ ಬಿಟ್ಟು ಹೊರಟಾಗ ಟೆಂಟಿನೊಳಗೆ ಗಂಡಸರೂ ಮೂಗು ಒರೆಸಿಕೊಂಡರು. ವಾಪಸ್ ನಡೆದು ಬರುವ ದಾರಿಯುದ್ದಕ್ಕೂ, ಮನೆಯವರು ಅವನಿಗೆ ಹಾಗೆ ಅನ್ನಬಾರದಿತ್ತು ಅಂತ ಚರ್ಚೆ. ಮಾರನೆ ದಿನ ನಮ್ಮೂರಿನ ಅಣ್ಣ-ತಮ್ಮ ಇಬ್ಬರು ಬದುವಿನ ವ್ಯಾಜ್ಯ ಬಿಟ್ಟುಕೊಟ್ಟರು ಅಂತ ಹೇಳಿದರೆ ನೀವು ಕಥೆ ಅಂತೀರಿ. ಅವರ ಮಕ್ಕಳು ಇಬ್ಬರೂ ಈ ಸಂಘದಲ್ಲಿ ಸದಸ್ಯರು, ಅವರನ್ನೇ ಕೇಳಿಕೊಳ್ಳಿ.

ರಾಜ್‌ಕುಮಾರ್ ಅವರು ನಮ್ಮಂಥವರನ್ನು ಅಭಿಮಾನಿ ದೇವರುಗಳು ಅಂತ ಕರೆದರು. ಹಾಗೆ ಕರೆಸಿಕೊಂಡದ್ದು ನಮಗೆ ಹೆಮ್ಮೆ, ಸ್ವಲ್ಪ ಭಾರವೂ ಹೌದು. 2006ರ ಏಪ್ರಿಲ್ 12ರಂದು ಅವರು ಹೋದಾಗ ಬೆಂಗಳೂರಿನ ಗಲಾಟೆಯಲ್ಲಿ ಜೀವಗಳೂ ಹೋದವು. ದೇವರುಗಳು ಮಾಡುವ ಕೆಲಸವಲ್ಲ ಅದು. ಆದರೆ ಅದೇ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ್ದರಲ್ಲ, ಅದು ಜನರ ಮನಸ್ಸಿನಲ್ಲಿ ಉಳಿಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡರು. ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆ ತಿಂಗಳು ನಮ್ಮೂರಲ್ಲೂ ನೇತ್ರದಾನದ ಫಾರಂ ತುಂಬಿದವರು ಇದ್ದಾರೆ. ಅವರಲ್ಲಿ ಅರವತ್ತು ದಾಟಿದ ಅವ್ವಂದಿರೂ ಇದ್ದರು. "ಪೊರೆ ಬಂದ ಕಣ್ಣು ಯಾರಿಗೆ ಬೇಕವ್ವ" ಅಂತ ಯಾರೋ ತಮಾಷೆ ಮಾಡಿದರೆ, "ನಮ್ಮಪ್ಪು ಕೊಟ್ಟವ್ನೆ, ನಾನೂ ಕೊಡ್ತೀನಿ ಬರ್ಕೊ" ಅಂದರಂತೆ. ಪೊರೆ ಬಂದ ಕಣ್ಣೂ ದಾನಕ್ಕೆ ಆಗುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಪೊರೆ ಇರುವುದು ಮಸೂರಕ್ಕೆ, ಅವರು ಇನ್ನೊಬ್ಬರಿಗೆ ಹಾಕುವುದು ಮುಂದಿನ ಪಾರದರ್ಶಕ ಪಟಲವನ್ನು. ಅವ್ವನ ಮಾತೇ ಗೆದ್ದಿತು.

ನಮ್ಮೂರಿನ ಆಟೋ ಹಿಂದೆ ಇರುವ ಶಂಕರ್‌ನಾಗ್ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. 1980ರ 'ಆಟೋ ರಾಜ' ಮಾಡಿದ್ದಕ್ಕೆ ಆಟೋದವರು ಅವರನ್ನು ತಮ್ಮವರು ಅಂದುಕೊಂಡರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಅವರು ಹೋದರು. ಮೂವತ್ತಾರು ತುಂಬಿರಲಿಲ್ಲ. ಆ ಆಟೋ ಓಡಿಸುವ ಹುಡುಗ ಆಗಿನ್ನೂ ಹುಟ್ಟಿರಲಿಲ್ಲ. ಅವನಪ್ಪನ ಆಟೋದಲ್ಲಿ ಆ ಚಿತ್ರ ಇತ್ತು, ಇವನ ಆಟೋಗೂ ಬಂತು. ಸಂಘದ ಷೇರು ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಬರುತ್ತದಲ್ಲ, ಅಭಿಮಾನವೂ ಹಾಗೇ ವರ್ಗಾವಣೆ ಆಗುತ್ತದೆ.

ಷೇರಿನ ಮಾತು ಬಂದದ್ದಕ್ಕೆ ಒಂದು ಸಿನಿಮಾದ ವಿಷಯ ಹೇಳಲೇಬೇಕು. ಕಾರ್ಯದರ್ಶಿಗಳು ಕ್ಷಮಿಸಬೇಕು, ಇಲ್ಲಿ ಹಾಲು ಬಂದೇ ಬರುತ್ತದೆ. 1976ರಲ್ಲಿ 'ಮಂಥನ್' ಅಂತ ಹಿಂದಿ ಚಿತ್ರ ಬಂತು. ನಿರ್ದೇಶಕರು ಶ್ಯಾಮ್ ಬೆನೆಗಲ್. ಹಳ್ಳಿಯಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಬರುವ ಡಾಕ್ಟರ್ ರಾವ್ ಪಾತ್ರ ನಮ್ಮ ಗಿರೀಶ ಕಾರ್ನಾಡರದ್ದು. ಆ ಚಿತ್ರಕ್ಕೆ ಹಣ ಹಾಕಿದವರು ಯಾರು ಗೊತ್ತೆ? ಸೇಟುಗಳಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು, ತಲಾ ಎರಡು ರೂಪಾಯಿ. ಕುರಿಯನ್ ಅವರ ಸಂಘಗಳ ಸದಸ್ಯರು ಅವರು. ಚಿತ್ರ ತೆರೆ ಕಂಡಾಗ ಅವರು ಲಾರಿಗಳಲ್ಲಿ ತುಂಬಿಕೊಂಡು ಬಂದು ನೋಡಿದರು. ತಮ್ಮ ಕಥೆ, ತಮ್ಮ ದುಡ್ಡು, ತಮ್ಮ ಪಿಚ್ಚರ್ರು. 2024ರಲ್ಲಿ ಆ ಚಿತ್ರದ ಹಳೆಯ ರೀಲನ್ನು ಶುದ್ಧಿ ಮಾಡಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಎರಡು ರೂಪಾಯಿ ಅಲ್ಲಿಯವರೆಗೆ ಹೋಯಿತು. ಇದನ್ನು ಓದಿದ ದಿನ ನಾವು ಕಟ್ಟೆಯವರೆಲ್ಲ ಸೇರಿ, ಇವತ್ತು ನಮ್ಮ ಸಂಘದವರು ಒಂದು ಪಿಚ್ಚರ್ ತೆಗೆದರೆ ಏನು ಕಥೆ ಇಡಬೇಕು ಅಂತ ಒಂದು ಸಂಜೆಯೆಲ್ಲ ಮಾತಾಡಿದೆವು. ಹೀರೋ ಯಾರು ಅನ್ನುವಲ್ಲಿ ಜಗಳವಾಗಿ ನಿಂತಿತು.

ಅದೇ 2024ರ ಜೂನಿನಲ್ಲಿ ಅಮೆರಿಕ ಮತ್ತು ವೆಸ್ಟ್ ಇಂಡೀಸಿನಲ್ಲಿ ಟಿ-20 ವಿಶ್ವಕಪ್ ನಡೆಯಿತು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡದವರ ಅಂಗಿಯ ಮೇಲೆ ನಂದಿನಿ ಗುರುತು. ನಮ್ಮ ಹಾಲು ಮಹಾಮಂಡಳಿ ಅವರ ಪ್ರಾಯೋಜಕರು. ಆ ಆಟ ನೋಡುವಾಗ ನಮ್ಮ ಮನೆಯಾಕೆ ಒಳಗಿನಿಂದ ಬಂದು, "ಇದ್ಯಾರು ಬಿಳಿ ಜನ ನಮ್ಮ ಡೇರಿ ಅಂಗಿ ಹಾಕಿಕೊಂಡವರೆ" ಅಂದಳು. ಅವಳು ಬೆಳಿಗ್ಗೆ ಹಾಕಿದ ಆರು ಲೀಟರಿನ ಒಂದು ಹನಿಯಾದರೂ ಆ ಅಂಗಿಯಲ್ಲಿ ಇರಬೇಕಲ್ಲ. ಅವತ್ತಿನಿಂದ ಸ್ಕಾಟ್ಲೆಂಡ್ ನಮ್ಮ ಮನೆಯ ಎರಡನೆಯ ತಂಡ.

ಟೀವಿ ಬಂದ ಮೇಲೆ ಕಟ್ಟೆಯ ಸಭೆ ಪಂಚಾಯ್ತಿ ಆಫೀಸಿಗೆ ವರ್ಗವಾಯಿತು. 1983ರಲ್ಲಿ ನಮ್ಮೂರಿಗೆ ಟೀವಿ ಇರಲಿಲ್ಲ. ಕಪಿಲ್ ದೇವ್ ಜಿಂಬಾಬ್ವೆ ಮೇಲೆ ಹದಿನೇಳಕ್ಕೆ ಐದು ವಿಕೆಟ್ ಹೋದ ಮೇಲೆ ನಿಂತು ಔಟಾಗದೆ 175 ಹೊಡೆದದ್ದನ್ನು ನಾವು ನೋಡಲಿಲ್ಲ. ನಾವೇನು, ಆ ಆಟದ ಟೀವಿ ಚಿತ್ರವೇ ಇಲ್ಲವಂತೆ, ಯಾರೂ ನೋಡಲಿಲ್ಲ. ಆದರೆ ಆ ಹೊತ್ತು ಇನ್ನೊಂದು ತುದಿಯಲ್ಲಿ ವಿಕೆಟ್ ಉಳಿಸಿಕೊಂಡು 24 ರನ್ ಮಾಡಿ ನಿಂತವರು ಕರ್ನಾಟಕಕ್ಕೆ ಆಡುತ್ತಿದ್ದ ಕಿರ್ಮಾನಿ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ಇದನ್ನು ನಾವು ಹೇಳದಿದ್ದರೆ ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳಿದ್ದು.

1996ರ ಮಾರ್ಚ್ 9, ಬೆಂಗಳೂರಿನಲ್ಲಿ ಪಾಕಿಸ್ತಾನದ ಮೇಲೆ ಕ್ವಾರ್ಟರ್ ಫೈನಲ್. ಹಗಲು ರಾತ್ರಿ ಆಟ. ಸರಿಯಾಗಿ ರಾತ್ರಿ ಕರೆಂಟ್ ಹೋಯಿತು. ಕಪ್ಪು ಬಿಳುಪಿನ ಚಿಕ್ಕ ಟೀವಿಯನ್ನು ಹೊರಗೆ ತಂದು ಟ್ರ್ಯಾಕ್ಟರ್ ಬ್ಯಾಟರಿಗೆ ಕಟ್ಟಿದೆವು. ಅಮೀರ್ ಸೊಹೈಲ್ ಫೋರ್ ಹೊಡೆದು ವೆಂಕಟೇಶ ಪ್ರಸಾದ್ ಅವರಿಗೆ ಬ್ಯಾಟಿನಲ್ಲಿ ತೋರಿಸಿದ್ದು, ಮರು ಚೆಂಡಿಗೇ ಅವನ ಸ್ಟಂಪು ಹಾರಿದ್ದು, ಇದನ್ನು ಆ ಅಂಗೈಯಗಲದ ಪರದೆಯಲ್ಲಿ ಇನ್ನೂರು ಜನ ನೋಡಿದೆವು. ಹಿಂದೆ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ. ಮುಂದಿನವರು ಕಿರುಚಿದ್ದಕ್ಕೆ ಅವರೂ ಕಿರುಚಿದರು. ಭಾರತ 39 ರನ್ನಿನಿಂದ ಗೆದ್ದಿತು. ಟ್ರ್ಯಾಕ್ಟರಿನ ಯಜಮಾನರು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ನಮ್ಮನ್ನೇ ಕರೆದು ತಳ್ಳಿಸಿದರು.

ಇನ್ನೂರು ಜನಕ್ಕೆ ಒಂದು ಪರದೆ ಇದ್ದದ್ದು ಹೋಗಿ, ಈಗ ಇನ್ನೂರು ಜನಕ್ಕೆ ಇನ್ನೂರು ಪರದೆ. ಇದರಲ್ಲಿ ನಮಗೆ ಬೇಜಾರಿಲ್ಲ. ಕನ್ನಡದಲ್ಲೇ ಕಾಮೆಂಟರಿ ಬರುತ್ತದೆ, ಹೊಲದಲ್ಲಿ ನೀರು ಕಟ್ಟುತ್ತಾ ಆಟ ನೋಡಬಹುದು. 2020ರಲ್ಲಿ ಕರಾವಳಿಯ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೆಸರಿನಲ್ಲಿ ಓಡಿದ ಓಟ ಊರೂರಿನ ಫೋನಿಗೆ ಬಂತು. ಉಸೇನ್ ಬೋಲ್ಟ್ ಅವರಿಗೆ ಹೋಲಿಸಿದರು. ಕೋಣಗಳ ಹೆಸರು ಮಾತ್ರ ಯಾರೂ ಕೇಳಲಿಲ್ಲ, ಹಾಲಿನ ಸಂಘದವರಾದ ನಮಗೆ ಇದು ನ್ಯಾಯ ಅನ್ನಿಸಲಿಲ್ಲ. ಹೆಣ್ಣುಮಕ್ಕಳ ಆಟವೂ ಮನೆಗೆ ಬಂದದ್ದು ಈ ಪರದೆಗಳಿಂದಲೇ. ಬೆಂಗಳೂರಿನ ಗಂಡಸರ ತಂಡಕ್ಕೆ ಕಪ್ ಬರುವ ಮುಂಚೆಯೇ, 2024ರ ಮಾರ್ಚ್ 17ರಂದು ಹೆಣ್ಣುಮಕ್ಕಳ ತಂಡ ಕಪ್ ತಂದಿತು. ಫೈನಲ್ಲಿನಲ್ಲಿ ನಮ್ಮ ಕನ್ನಡತಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. 2025ರ ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ಪನ್ನೇ ತಂದರು. ಮಾರನೆ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳ ಬಾಯಲ್ಲಿ ಆಟದ ಮಾತು ಬಂದದ್ದನ್ನು ನಾವು ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದೆವು.

ಇಷ್ಟು ಹೊತ್ತು ನಕ್ಕಿರಿ. ಇನ್ನು ಎರಡು ವಿಷಯ ಹೇಳುತ್ತೇವೆ, ಇವಕ್ಕೆ ನಗು ಬರುವುದಿಲ್ಲ.

2025ರ ಜೂನ್ 3ರಂದು ಬೆಂಗಳೂರು ತಂಡ ಅಹಮದಾಬಾದಿನಲ್ಲಿ ಪಂಜಾಬ್ ಮೇಲೆ 6 ರನ್ನಿನಿಂದ ಗೆದ್ದು ಐಪಿಎಲ್ ಕಪ್ ಎತ್ತಿತು. ಪ್ರತಿ ವರ್ಷ 'ಈ ಸಲ ಕಪ್ ನಮ್ದೇ' ಅಂತ ಹೇಳಿ ಹೇಳಿ ಹೇಳುವವರಿಗೇ ನಾಚಿಕೆಯಾಗಿತ್ತು, ಕೊನೆಗೂ ಬಂತು. ಅವತ್ತು ರಾತ್ರಿ ನಮ್ಮೂರಲ್ಲೂ ಪಟಾಕಿ. ಮಾರನೆ ದಿನ, ಜೂನ್ 4, ಸಂಭ್ರಮ ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸೇರಿದ ಜನಜಂಗುಳಿಯಲ್ಲಿ ಕಾಲ್ತುಳಿತವಾಗಿ ಹನ್ನೊಂದು ಜನ ಸತ್ತರು. ಬಹುಪಾಲು ಚಿಕ್ಕ ವಯಸ್ಸಿನವರು. ನಮ್ಮೂರಿನಿಂದ ಬೆಳಗಿನ ಬಸ್ಸಿಗೆ ನಾಲ್ಕು ಹುಡುಗರು ಹೋಗಿದ್ದರು. ಸಾಯಂಕಾಲ ಟೀವಿಯಲ್ಲಿ ಸುದ್ದಿ ಬಂದಾಗ ಅವರ ಫೋನುಗಳು ಹತ್ತಲಿಲ್ಲ. ಅವರಲ್ಲಿ ಒಬ್ಬನ ತಾಯಿ ಆ ಹೊತ್ತಿಗೆ ಹಾಲು ತಂದು ಡೇರಿ ಬಾಗಿಲಲ್ಲಿ ನಿಂತಿದ್ದರು. ಕೊಳಗ ಕೈಯಲ್ಲೇ ಹಿಡಿದುಕೊಂಡು, ಇಳಿಸದೆ, ರಾತ್ರಿ ಎಂಟೂವರೆಗೆ ಅವನ ಫೋನು ಬರುವ ತನಕ ಅಲ್ಲೇ ನಿಂತಿದ್ದರು. ಹುಡುಗರು ಗೇಟಿನ ಹತ್ತಿರಕ್ಕೆ ಹೋಗಲಾಗದೆ ದೂರದಲ್ಲೇ ಉಳಿದಿದ್ದರಂತೆ. ನಮ್ಮ ನಾಲ್ವರು ಬಂದರು. ಹನ್ನೊಂದು ಮನೆಗೆ ಬರಲಿಲ್ಲ. ಯಾರದು ತಪ್ಪು ಅನ್ನುವುದನ್ನು ಈ ಸಭೆಯಲ್ಲಿ ನಾವು ತೀರ್ಮಾನ ಮಾಡಲು ಹೋಗುವುದಿಲ್ಲ. ಆ ತಾಯಿ ಇಲ್ಲೇ ಕೂತಿದ್ದಾರೆ, ಅವರ ಮುಖ ನೋಡಿ ಇದಕ್ಕಿಂತ ಹೆಚ್ಚು ಹೇಳಲು ನಮಗೆ ಆಗುವುದಿಲ್ಲ.

ಎರಡನೆಯದು ಸದ್ದಿಲ್ಲದೆ ನಡೆಯುವ ಸಂಗತಿ. ನಮ್ಮ ಕಾಲದಲ್ಲೂ ಬಾಜಿ ಇತ್ತು. ಒಂದು ಕಾಫಿ, ಎರಡು ಬೋಂಡ, ಬಹಳ ಅಂದರೆ ಒಂದು ತೆಂಗಿನಕಾಯಿ. ಸೋತವನು ಕೊಡಿಸಿದ್ದನ್ನು ಗೆದ್ದವನೂ ಸೋತವನೂ ಕೂತು ತಿನ್ನುತ್ತಿದ್ದರು. ಈಗಿನ ಬಾಜಿ ಫೋನಿನೊಳಗೆ. ಎದುರಾಳಿ ಯಾರು ಅಂತಲೇ ಕಾಣುವುದಿಲ್ಲ. ಮೊದಲು ತಂಡ ಕಟ್ಟುವ ಆಟ, ಐವತ್ತು ರೂಪಾಯಿ. ಇನ್ನೂರು ಬರುತ್ತದೆ. ಆಮೇಲೆ ಮುಂದಿನ ಓವರಿಗೆ ಎಷ್ಟು, ಮುಂದಿನ ಚೆಂಡಿಗೆ ಏನು.

ಈ ಲೆಕ್ಕವನ್ನು ಡೇರಿಯ ಭಾಷೆಯಲ್ಲೇ ಹೇಳುತ್ತೇವೆ, ಹುಡುಗರು ಕೇಳಿಸಿಕೊಳ್ಳಿ. ಒಂದು ನಾಣ್ಯ ಚಿಮ್ಮುತ್ತೇವೆ ಅಂತ ಇಟ್ಟುಕೊಳ್ಳಿ. ನೀನು ನೂರು ಕಟ್ಟುತ್ತೀಯ. ಗೆದ್ದರೆ ಅವನು ನೂರ ತೊಂಬತ್ತು ಕೊಡುತ್ತಾನೆ, ಸೋತರೆ ನಿನ್ನ ನೂರು ಅವನದು. ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ. ನೂರು ಸಲ ಆಡು. ನೀನು ಕಟ್ಟಿದ್ದು ಹತ್ತು ಸಾವಿರ. ಐವತ್ತು ಸಲ ಗೆದ್ದೆ ಅಂದರೆ ಕೈಗೆ ಬಂದದ್ದು ಒಂಬತ್ತು ಸಾವಿರದ ಐನೂರು. ನೀನು ಬುದ್ಧಿವಂತನೂ ಅಲ್ಲ, ದಡ್ಡನೂ ಅಲ್ಲ, ಐನೂರು ಹೋಯಿತು. ಆಡಿದಷ್ಟೂ ಹೋಗುತ್ತಲೇ ಇರುತ್ತದೆ. ಇದು ಹೇಗೆ ಅಂದರೆ, ಲೀಟರಿಗೆ ಐವತ್ತು ಮಿಲಿ ಜಾಸ್ತಿ ಹಿಡಿಯುವ ಅಳತೆ ಪಾತ್ರೆ ಇಟ್ಟುಕೊಂಡು ಹಾಲು ಅಳೆಸಿಕೊಳ್ಳುವವನ ಹತ್ತಿರ ದಿನಾ ಹಾಲು ಹಾಕಿದ ಹಾಗೆ. ನಮ್ಮ ಸಂಘ ಹುಟ್ಟಿದ್ದೇ ಅಂಥ ಪಾತ್ರೆ ಹಿಡಿದು ಬರುತ್ತಿದ್ದ ಹಾಲಿನ ವರ್ತನೆಯವರಿಂದ ತಪ್ಪಿಸಿಕೊಳ್ಳೋಕೆ. ಇಪ್ಪತ್ತೈದು ವರ್ಷ ಆದ ಮೇಲೆ ಅದೇ ಪಾತ್ರೆ ನಮ್ಮ ಮಕ್ಕಳ ಜೇಬಿನಲ್ಲಿ ಬಂದು ಕೂತಿದೆ.

ಹೆಸರು ಹೇಳುವುದಿಲ್ಲ, ಪಕ್ಕದ ಊರು ಅಂತಲೇ ಇಟ್ಟುಕೊಳ್ಳಿ. ಒಂದು ಮನೆಯಿಂದ ಹಾಲು ಇದ್ದಕ್ಕಿದ್ದ ಹಾಗೆ ಅರ್ಧಕ್ಕೆ ಇಳಿಯಿತು. ಹಾಲು ಅಳೆಯುವ ಹುಡುಗ "ಯಾಕವ್ವ, ಸೀಮೆ ಹಸು ಎಲ್ಲಿ" ಅಂತ ಕೇಳಿದ. "ಬತ್ತೋಗಿತ್ತು ಕಣಪ್ಪ, ಮಾರ್ಬುಟ್ಟೊ" ಅಂದರು. ಕರು ಹಾಕಿ ಎರಡು ತಿಂಗಳಾದ ಹಸು, ಹಿಂದಿನ ವಾರ ದಿನಕ್ಕೆ ಹದಿನಾಲ್ಕು ಲೀಟರ್ ಕೊಟ್ಟಿದ್ದು ಅವನ ಪುಸ್ತಕದಲ್ಲೇ ಇದೆ. ಅವನು ಮತ್ತೆ ಕೇಳಲಿಲ್ಲ. ಆಮೇಲೆ ತಿಳಿಯಿತು. ಬಟವಾಡೆ ಹಣ ಬರುವ ಖಾತೆಗೆ ಮಗನ ಫೋನು ಜೋಡಿಸಿತ್ತು. ನಾಲ್ಕು ತಿಂಗಳ ಬಟವಾಡೆ ಹೋಗಿ, ಮೇಲೆ ಸಾಲವಾಗಿ, ಕೊನೆಗೆ ಹಸು ಹೋಯಿತು. ಆ ಹುಡುಗ ಕೆಟ್ಟವನಲ್ಲ. ಆಟದ ಮೇಲೆ ನಮಗಿಂತ ಹೆಚ್ಚು ಪ್ರೀತಿ ಇದ್ದವನು, ಎಲ್ಲರ ರನ್ ಸರಾಸರಿ ಬಾಯಲ್ಲೇ ಹೇಳುತ್ತಿದ್ದವನು. ಈಗ ಟೀವಿಯಲ್ಲಿ ಮ್ಯಾಚು ಬಂದರೆ ಎದ್ದು ಹೊರಗೆ ಹೋಗುತ್ತಾನಂತೆ. ಹಸು ಇನ್ನೊಂದು ತಂದಾರು. ಆದರೆ ಒಬ್ಬ ಅಭಿಮಾನಿಗೆ ಆಟವೇ ಹೋಯಿತಲ್ಲ, ಅದು ನಮ್ಮನ್ನು ಬಹಳ ಕಾಡಿತು.

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಒಳ್ಳೆಯದೇ ಆಯಿತು. ಆದರೆ ಕಳ್ಳಭಟ್ಟಿಗೂ ಕಾಯಿದೆ ಇತ್ತು, ಅದು ನಿಂತದ್ದು ಹೆಂಗಸರು ಬೀದಿಗೆ ಇಳಿದ ಮೇಲೆ ಅನ್ನುವುದು ನಮ್ಮೂರಿಗೆ ಗೊತ್ತು. ಅದಕ್ಕೆ ಒಂದು ಮಾತು ಆಡಳಿತ ಮಂಡಳಿಯ ಮುಂದೆ ಇಡುತ್ತೇವೆ. ಬಟವಾಡೆ ಯಾವ ಖಾತೆಗೆ ಹೋಗುತ್ತಿದೆ, ಆ ಖಾತೆಗೆ ಯಾರ ಫೋನು ಜೋಡಿಸಿದೆ ಅನ್ನುವುದನ್ನು ಹಾಲು ಹಾಕುವ ಹೆಣ್ಣುಮಗಳಿಗೆ ಒಂದು ಸಲ ಕೂರಿಸಿ ತಿಳಿಸಿಕೊಡಿ. ಹಸು ಮೈ ತೊಳೆಯುವವಳು ಅವಳು, ಬೆಳಗಿನ ಜಾವ ಐದಕ್ಕೆ ಏಳುವವಳು ಅವಳು. ದುಡ್ಡು ಬಂತು ಅನ್ನುವ ಮೆಸೇಜು ಬೇರೆಯವರಿಗೆ ಯಾಕೆ ಹೋಗಬೇಕು?

ಇನ್ನೊಂದು ಮಾತು. ಬೆಳ್ಳಿಹಬ್ಬದ ನಿಧಿಯಲ್ಲಿ ಉಳಿದ ಹಣದಲ್ಲಿ ಊರ ಮುಂದೆ ಸ್ವಾಗತ ಕಮಾನು ಕಟ್ಟಿಸಬೇಕು ಅಂತ ಒಂದು ಪ್ರಸ್ತಾಪ ಇದೆ, ಮುಂದಿನ ಸರ್ವ ಸದಸ್ಯರ ಸಭೆಗೆ ಬರುತ್ತದೆ ಅಂತ ಕೇಳಿದ್ದೇವೆ. ಕಮಾನು ಚೆನ್ನಾಗೇ ಇರುತ್ತದೆ, ನಿರ್ದೇಶಕರ ಹೆಸರೂ ಅದರ ಮೇಲೆ ಇರುತ್ತದೆ. ನಮ್ಮ ಅಭಿಪ್ರಾಯ ಬೇರೆ. ಡೇರಿ ಹಿಂದಿನ ಬಯಲಿನಲ್ಲಿ ಜಾಲಿ ಮುಳ್ಳು ಬೆಳೆದಿದೆ. ಅದನ್ನು ಕೀಳಿಸಿ, ನೆಲ ಮಟ್ಟ ಮಾಡಿಸಿ, ಒಂದು ವಾಲಿಬಾಲ್ ನೆಟ್ಟು, ಒಂದು ಕಬಡ್ಡಿ ಅಂಕಣ. ಅಂಕಣ ಹೆಣ್ಣುಮಕ್ಕಳಿಗೂ ಸೇರಿ. ಕಾರ್ಕಳದ ಕಡೆಯ ಮಮತಾ ಪೂಜಾರಿ ಹಳ್ಳಿಯಿಂದಲೇ ಹೋಗಿ ಭಾರತ ತಂಡದ ನಾಯಕಿಯಾದವರು. ಮತ್ತೆ ಸಂಘದ ಹಾಲಿನಲ್ಲಿ, ಅಂದರೆ ಈ ಸಭಾಂಗಣದಲ್ಲಿ, ಗೋಡೆಗೆ ಒಂದು ದೊಡ್ಡ ಟೀವಿ. ದೊಡ್ಡ ಮ್ಯಾಚಿನ ದಿನ ಮಾತ್ರ ಹಾಕಿ, ಬಾಕಿ ದಿನ ಬೀಗ ಹಾಕಿ. ಕೀಲಿ ಕಾರ್ಯದರ್ಶಿಗಳ ಹತ್ತಿರವೇ ಇರಲಿ, ನಮ್ಮ ಹತ್ತಿರ ಬೇಡ, ನಮ್ಮನ್ನು ನಂಬಬೇಡಿ. ಎಲ್ಲರ ಎದುರಿಗೆ ಕೂತು ನೋಡುವವನು ಮಡಿಲಲ್ಲಿ ಫೋನಿಟ್ಟುಕೊಂಡು ದುಡ್ಡು ಕಟ್ಟುವುದು ಕಷ್ಟ. ಪಕ್ಕದಲ್ಲಿ ಕೂತ ದೊಡ್ಡಪ್ಪ "ಏನಪ್ಪಾ ಅದು" ಅಂತ ಬಗ್ಗಿ ನೋಡೇ ನೋಡುತ್ತಾನೆ.

ಕಮಾನೇ ಬೇಕು ಅನ್ನುವವರು ಸಭೆಗೆ ಬಂದು ವಾದ ಮಾಡಿ. ನಾವೂ ಬರುತ್ತೇವೆ. ಒಬ್ಬರಿಗೆ ಒಂದೇ ಓಟು ತಾನೆ, ಎಷ್ಟು ಲೀಟರ್ ಹಾಕಿದರೂ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಂಜೆಯ ಹಾಲಿಗೆ ಹೊತ್ತಾಯಿತು, ಹೆಣ್ಣುಮಕ್ಕಳು ಆಗಲೇ ಹಿಂದಿನ ಬಾಗಿಲಿನಿಂದ ಏಳುತ್ತಿದ್ದಾರೆ. ಕ್ಯಾನು ತುಂಬಿದ ಮೇಲೆ ಶಾಲೆಯ ಅಂಗಳದಲ್ಲಿ ಹಗ್ಗ ಜಗ್ಗಾಟ ಇದೆ, ನಿರ್ದೇಶಕರು ಒಂದು ಕಡೆ, ಹಾಲು ಹಾಕುವವರು ಒಂದು ಕಡೆ. ನಾವು ಯಾವ ಕಡೆ ಅನ್ನುವುದನ್ನು ಹೇಳಬೇಕಾಗಿಲ್ಲ. ಎಲ್ಲರೂ ಬನ್ನಿ.